ಗುಳಿ ಬಿದ್ದ ಕೇಕು

ಊರಿಗೆಲ್ಲ ಅವನು ಬ್ರದರ್. ಆಸ್ಪತ್ರೆಯಲ್ಲಿ ಹೆಣ್ಣು ನರ್ಸನ್ನು ಸಿಸ್ಟರ್ ಎನ್ನುವ ಹಾಗೆ ಗಂಡು ನರ್ಸನ್ನು ಬ್ರದರ್ ಎನ್ನುತ್ತಾರಲ್ಲ, ಹಾಗೆ. ಮಕ್ಕಳ ವಾರ್ಡಿನ ಪುಟಾಣಿಗಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಬಾಯ್ತುಂಬ ಹಾಗೇ ಕರೆಯುತ್ತಾರೆ. ನಾನೊಬ್ಬಳು ಕರೆದಿಲ್ಲ. ಸತ್ತರೂ ಕರೆಯುವುದಿಲ್ಲ. "ರೀ" ಎನ್ನುತ್ತೇನೆ, "ಇಲ್ನೋಡಿ" ಎನ್ನುತ್ತೇನೆ, ಏನೂ ತೋಚದಿದ್ದರೆ ಕೆಮ್ಮುತ್ತೇನೆ. ಇದು ಯಾವ ಕೆಮ್ಮು ಎಂದು ನನ್ನ ಚಿಕ್ಕಮ್ಮನಿಗೆ ಬಹಳ ಬೇಗ ಗೊತ್ತಾಗಿಬಿಟ್ಟಿತು.

ಹೋದ ವರ್ಷ ಅವನು ನನ್ನ ಬೇಕರಿಗೆ ಮೊದಲ ಸಲ ಬಂದಾಗ ನಾನು ಯಾರದೋ ಮದುವೆ ಕೇಕಿನ ಮೇಲೆ ಕ್ರೀಮಿನ ಗುಲಾಬಿ ಬಿಡಿಸುತ್ತಿದ್ದೆ.

"ಹುಟ್ಟುಹಬ್ಬದ ಕೇಕ್ ಬೇಕಿತ್ತು."

"ಏನಂತ ಹೆಸರು ಬರೀಬೇಕು?"

"ಹೆಸರು ಬೇಡ."

"ಹೋಗ್ಲಿ, ಎಷ್ಟು ವರ್ಷ ಮಗೂಗೆ?"

"ಆರರಿಂದ ಹನ್ನೆರಡು."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕ್ರೀಮಿನ ಕೋನು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡೆ. "ರೀ, ತಮಾಷೆ ಮಾಡೋಕೆ ನನ್ನ ಅಂಗಡೀನೇ ಬೇಕಿತ್ತಾ? ಒಂದು ಮಗೂಗೆ ಆರರಿಂದ ಹನ್ನೆರಡು ವರ್ಷ ಹೇಗ್ರೀ ಆಗುತ್ತೆ?"

ಅವನು ನಗಲಿಲ್ಲ. ಬೆಟ್ಟದ ಮೇಲೊಂದು ಹಳ್ಳಿ ಇದೆಯೆಂದ. ಅಲ್ಲಿಯ ಶಾಲೆಯ ಎಷ್ಟೋ ಮಕ್ಕಳಿಗೆ ತಾವು ಹುಟ್ಟಿದ ದಿನ ಯಾವುದೆಂದೇ ಗೊತ್ತಿಲ್ಲವೆಂದ. ಅದಕ್ಕೇ ಅವನೂ ಅವನ ಗೆಳೆಯರೂ ವರ್ಷಕ್ಕೊಮ್ಮೆ ಹೋಗಿ ಅಷ್ಟೂ ಮಕ್ಕಳ ಹುಟ್ಟುಹಬ್ಬವನ್ನು ಒಂದೇ ದಿನ, ಒಂದೇ ಕೇಕಿನಲ್ಲಿ ಮಾಡಿ ಬರುತ್ತಾರಂತೆ.

"ಒಂದು ಮಗೂಗೆ ಅಂತ ನಾನು ಹೇಳಲಿಲ್ಲ," ಎಂದು ಮೆಲ್ಲಗೆ ಸೇರಿಸಿದ.

ನನ್ನ ಕೋಪ ಜರ್‍ರನೆ ಇಳಿದುಹೋಯಿತು. ಕೇಕು ಮಾಡಿಕೊಟ್ಟು ಸುಮ್ಮನಿರಬಹುದಿತ್ತು. "ಬೇರೆಯವರ ಕೈಯಲ್ಲಿ ಕೊಟ್ಟರೆ ಕೇಕ್ ಚಿಂದಿಯಾಗುತ್ತೆ, ನಾನೇ ಬರ್ತೀನಿ," ಎಂದುಬಿಟ್ಟೆ. ಕೌಂಟರಿನಲ್ಲಿದ್ದ ಚಿಕ್ಕಮ್ಮ ಹುಬ್ಬು ಹಾರಿಸಿದಳು.

ಅಲ್ಲಿ ಹೋಗಿ ನೋಡಿದೆನಲ್ಲ, ಅವನ ಕೆಲಸ! ಕೇಕಿಗೆ ಮೊದಲು ಮಕ್ಕಳ ಆರೋಗ್ಯ ತಪಾಸಣೆ. ಅವನು ಯಾವ ಮಗುವನ್ನೂ ಕೇಳದೆ ಮುಟ್ಟುವುದಿಲ್ಲ. ನೆಲಕ್ಕೆ ಮಂಡಿಯೂರಿ ಅದರ ಎತ್ತರಕ್ಕೆ ಇಳಿಯುತ್ತಾನೆ. "ಈಗ ಕಿವಿ ನೋಡ್ತೀನಿ. ಸರಿನಾ?" ಎಂದು ಕೇಳಿ ಕಾಯುತ್ತಾನೆ. ಮಗು ಹೂಂ ಎಂದು ತಲೆಯಾಡಿಸಿದ ಮೇಲೇ ಕೈ ಮುಂದೆ ಬರುವುದು. ಚುಚ್ಚುಮದ್ದು ಇದ್ದರೆ, "ನೋವಾಗಲ್ಲ" ಎಂಬ ಸುಳ್ಳು ಅವನ ಬಾಯಲ್ಲಿ ಬರುವುದಿಲ್ಲ. "ಸ್ವಲ್ಪ ಚುರುಕ್ ಅನ್ನುತ್ತೆ. ಅಲ್ಲಾಡಬಾರದು. ಆಮೇಲೆ ಮುಗೀತು," ಎನ್ನುತ್ತಾನೆ. ಹೇಳಿದ ಹಾಗೇ ಆಗುತ್ತದೆ. ಅಳಬೇಕೆಂದು ಬಾಯಿ ತೆರೆದ ಮಕ್ಕಳು ಹಾಗೇ ಬಾಯಿ ಮುಚ್ಚಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡೆ.

ಆದರೆ ಆ ಬೆಟ್ಟದ ಗಾಳಿ! ಶಾಲೆಯ ಅಂಗಳದಲ್ಲಿ ಕೇಕಿಟ್ಟು ಮೇಣದಬತ್ತಿ ಹಚ್ಚಿದರೆ ಮಕ್ಕಳು ಊದುವ ಮೊದಲು ಗಾಳಿಯೇ ಊದಿಬಿಡುತ್ತಿತ್ತು. ಅವನು ಅಂಗೈಗಳನ್ನು ಗೂಡು ಮಾಡಿ ಮತ್ತೆ ಹಚ್ಚಿದ, ಮತ್ತೆ ಆರಿತು, ಮತ್ತೆ ಹಚ್ಚಿದ. ಕಡ್ಡಿಪೆಟ್ಟಿಗೆ ಖಾಲಿಯಾಗುವ ತನಕ ಹಚ್ಚುತ್ತಲೇ ಇದ್ದ. ಕೊನೆಗೆ ಮಕ್ಕಳು ಆರಿದ ಬತ್ತಿಗಳನ್ನೇ ಊದಿ ಚಪ್ಪಾಳೆ ತಟ್ಟಿದವು. ಎರಡು ಜಡೆಯ ಹುಡುಗಿಯೊಬ್ಬಳು ಮಾತ್ರ ತಟ್ಟಲಿಲ್ಲ. "ನಾನು ಊದಲೇ ಇಲ್ಲ," ಎಂದು ಅವನ ಅಂಗಿ ಎಳೆದಳು. "ಮುಂದಿನ ಸಲ ಖಂಡಿತ ಊದ್ತೀಯ," ಎಂದು ಅವನು ಮಾತು ಕೊಟ್ಟ. ಆ ಮಾತು ಕೊಡುವಾಗ ಅವನ ಮುಖ ನೋಡಿದೆ. ನಾನು ಕೆಟ್ಟೆ ಎಂದು ನನಗೆ ಆಗಲೇ ಗೊತ್ತಾಯಿತು.

ಅಲ್ಲಿಂದಾಚೆಗೆ ಪ್ರತಿ ಬುಧವಾರ ಅವನು ಬ್ರೆಡ್ ಕೊಳ್ಳಲು ಬರತೊಡಗಿದ. ಬ್ರೆಡ್ ತೆಗೆದುಕೊಳ್ಳುವುದು, ಓವನ್ನಿನ ಕಡೆ ನೋಡುವುದು, ನಾನು ತಿರುಗಿದರೆ ಗೋಡೆ ನೋಡುವುದು. ಗೋಡೆಯಲ್ಲಿ ಅಂಥದ್ದೇನಿದೆಯೋ!

"ಬುಧವಾರ ಬಂದ್ರೆ ನಿನ್ನ ಏಪ್ರನ್ ಇಸ್ತ್ರಿ ಆಗಿರುತ್ತೆ," ಎಂದು ಚಿಕ್ಕಮ್ಮ ಕಾಲೆಳೆಯುತ್ತಿದ್ದಳು.

"ಮೈದಾ ಅಂಟಬಾರದು ಅಂತ."

"ಉಳಿದ ದಿನ ಅಂಟಬಹುದೇನೋ ಪಾಪ."

ಊರಿನವರೆಲ್ಲರ ಜೊತೆ ಚಟಪಟ ಮಾತಾಡುವ ನನ್ನ ಬಾಯಿಗೆ ಅವನೆದುರು ಬೀಗ ಬೀಳುತ್ತಿತ್ತು. ಬುಧವಾರಗಳು ಹಾಗೇ ಹೋದವು.

ಈ ವರ್ಷ ಮೂರು ಅಂತಸ್ತಿನ ಕೇಕು ಮಾಡುವುದೆಂದು ಹಟ ತೊಟ್ಟಿದ್ದೆ. ಹೊರಡುವ ವಾರ ಸುದ್ದಿ ಬಂತು, ಬೆಟ್ಟದ ದಾರಿಯ ಸೇತುವೆ ಕುಸಿದಿದೆ, ಜೀಪು ದಾಟುವುದಿಲ್ಲ, ಪಕ್ಕದ ಹಗ್ಗದ ತೂಗುಸೇತುವೆಯಲ್ಲಿ ನಡೆದು ಹೋಗಬೇಕು ಎಂದು. ಅವನ ಗೆಳೆಯರು ಒಬ್ಬೊಬ್ಬರೇ ಹಿಂದೆ ಸರಿದರು. ಮುಂದಿನ ವರ್ಷ ನೋಡೋಣ ಎಂದರು.

"ಕೈಯಲ್ಲಿ ಹೊರೋಕಾಗೋಷ್ಟು ಮಾಡೋಣ," ಎಂದ ಅವನು. "ಚಿಕ್ಕದಾದ್ರೂ ಆಗ್ಲಿ. ಮಕ್ಕಳು ಕಾಯ್ತಿರ್ತಾವೆ."

ಶಾಮಿಯಾನ ಬಿಟ್ಟೆವು. ಸ್ಪೀಕರು ಬಿಟ್ಟೆವು. ಮೂರು ಅಂತಸ್ತಿನ ಕೇಕನ್ನು ತೂಗುಸೇತುವೆಯ ಮೇಲೆ ಒಯ್ಯುವುದು ಆಗದ ಮಾತು. ಮೈದಾ, ಸಕ್ಕರೆ, ಮೊಟ್ಟೆ, ಬೆಣ್ಣೆ ಹೊತ್ತು ಹೋಗಿ ಶಾಲೆಯ ಅಡುಗೆಮನೆಯ ಹಳೇ ಕಬ್ಬಿಣದ ಓವನ್ನಿನಲ್ಲಿ ಅಲ್ಲೇ ಬೇಯಿಸುವುದೆಂದಾಯಿತು. ಕೊನೆಗೆ ಹೊರಟವರು ನಾಲ್ಕೇ ಜನ. ಅವನು, ನಾನು, ಚಿಕ್ಕಮ್ಮ, ಮಕ್ಕಳ ಮುಖಕ್ಕೆ ಬಣ್ಣ ಬಳಿಯುವ ಡ್ರಾಯಿಂಗ್ ಮೇಷ್ಟ್ರು.

ಸೇತುವೆಯ ಬಳಿ ಜೀಪು ಇಳಿದಾಗ ಅವನು ಒಂದು ದೊಡ್ಡ ಟ್ರಂಕನ್ನು ಹೆಗಲಿಗೇರಿಸಿದ. ನನ್ನ ಪಿತ್ತ ನೆತ್ತಿಗೇರಿತು. ನನ್ನ ಕೇಕಿನ ತಟ್ಟೆಗಳು ಭಾರವೆಂದು ಬಿಡಿಸಿದವನು ತಾನು ಇಷ್ಟು ದೊಡ್ಡ ಟ್ರಂಕು ತರಬಹುದೋ?

"ಏನ್ರೀ ಅದು? ಆಟದ ಸಾಮಾನಾ?"

"ನನ್ನ ಬಟ್ಟೆ."

"ಒಂದು ದಿನಕ್ಕೆ ಅಷ್ಟೊಂದು ಬಟ್ಟೆನಾ? ಮದುಮಗ ಕೂಡ ಇಷ್ಟು ತರಲ್ಲ!"

ಅವನು ಟ್ರಂಕು ಕೆಳಗಿಟ್ಟ. "ಒಂದು ದಿನಕ್ಕಲ್ಲ. ಅಲ್ಲಿ ಆರೋಗ್ಯ ಕೇಂದ್ರದಲ್ಲಿ ನರ್ಸ್ ಇಲ್ಲ. ನಾನೇ ಕೇಳಿ ವರ್ಗ ಮಾಡಿಸ್ಕೊಂಡೆ. ಎರಡು ವರ್ಷ."

ಕೈಯಲ್ಲಿದ್ದ ಮೊಟ್ಟೆಯ ಬುಟ್ಟಿಯನ್ನು ಚಿಕ್ಕಮ್ಮ ಮೆಲ್ಲಗೆ ತೆಗೆದುಕೊಂಡಳು.

"ಒಂದು ಮಾತು ಹೇಳಬಾರದಿತ್ತಾ?"

"ಹೇಳೋಕೇ ಹೋದ ಬುಧವಾರ ಬಂದಿದ್ದೆ. ನೀವು ಮೈದಾ ತಂದವನಿಗೆ ಮಂಗಳಾರತಿ ಮಾಡ್ತಿದ್ರಿ. ಬ್ರೆಡ್ ತಗೊಂಡು ವಾಪಸ್ ಹೋದೆ."

ಸಂಜೆಯೊಳಗೆ ನಾವು ಮೂವರು ಈ ಸೇತುವೆ ದಾಟಿ ವಾಪಸಾಗಬೇಕು. ಅವನು ಆಚೆ ಉಳಿಯುತ್ತಾನೆ. ಇನ್ನು ಬುಧವಾರಗಳಿಲ್ಲ. ಹೇಳುವುದಿದ್ದರೆ ಇವತ್ತೇ ಹೇಳಬೇಕು. ಆ ತೂಗುಸೇತುವೆಯ ಮೇಲೆ ಅವನ ಬೆನ್ನು ನೋಡುತ್ತ ನಡೆದೆ.

ಶಾಲೆಯಲ್ಲಿ ಟೀಚರಮ್ಮ ನಮ್ಮನ್ನು ನೋಡಿ ಅತ್ತೇಬಿಟ್ಟರು. "ಯಾರೂ ಬರಲ್ಲ ಅಂದ್ಕೊಂಡಿದ್ದೆ," ಎಂದರು. ಕೇಕಿಗೆ ತಟ್ಟೆಗಳಿಲ್ಲವೆಂದು ಮಕ್ಕಳೆಲ್ಲ ಮನೆಗೋಡಿ ಒಂದೊಂದು ಸ್ಟೀಲ್ ಲೋಟ ತಂದರು. ಉದ್ದ ಲೋಟ, ಡೊಂಕು ಲೋಟ, ಕಾಫಿ ಕುಡಿಯುತ್ತಿದ್ದ ಅಜ್ಜನ ಕೈಯಿಂದ ಕಿತ್ತು ತಂದಿದ್ದರಿಂದ ಇನ್ನೂ ಬೆಚ್ಚಗೇ ಇದ್ದ ಒಂದು ಲೋಟ. ಎರಡು ಜಡೆಯ ಹುಡುಗಿ ತನ್ನದನ್ನು ನನ್ನ ಕೈಗೆ ಕೊಟ್ಟು, "ಇದು ನಂದು. ಬದಲಾಗಬಾರದು," ಎಂದು ತಾಕೀತು ಮಾಡಿದಳು.

ಅಡುಗೆಮನೆಯ ಬಾಗಿಲು ಹಾಕಿಕೊಂಡೆ. ಕೈ ಹಿಟ್ಟು ಕಲಸುತ್ತಿತ್ತು, ತಲೆ ಮಾತು ಕಲಸುತ್ತಿತ್ತು. ಹೇಗೆ ಶುರು ಮಾಡಲಿ? "ನೋಡಿ, ನಿಮ್ಮ ಹತ್ರ..." ಛೆ. "ನಂಗೆ ಒಂದು ವಿಷಯ..." ಥೂ, ಬ್ಯಾಂಕಿಗೆ ಹೋದ ಹಾಗಿದೆ.

ಮೊದಲ ಸರದಿಯ ಲೋಟಗಳು ಓವನ್ನಿನೊಳಗೆ ಎಷ್ಟು ಚೆನ್ನಾಗಿ ಉಬ್ಬಿದವೆಂದರೆ ನನಗೇ ಹೆಮ್ಮೆಯಾಯಿತು. ನೋಡನೋಡುತ್ತಿದ್ದಂತೆ ಒಂದೊಂದೂ ಉಸಿರುಬಿಟ್ಟು ಕುಸಿಯಿತು. ನಡುವೆ ಗುಳಿ. ಪೌಡರ್ ಸಾಲಲಿಲ್ಲವೆಂದುಕೊಂಡು ಎರಡನೇ ಸರದಿಗೆ ಇನ್ನಷ್ಟು ಬೇಕಿಂಗ್ ಪೌಡರ್ ಸುರಿದೆ. ಅವು ಇನ್ನೂ ಆಳಕ್ಕೆ ಕುಸಿದವು. ಕೇಕು ಲೋಟದ ಅರ್ಧಕ್ಕೆ ಇಳಿದು ಕೂತಿತು.

ಆಮೇಲೆ ನೆನಪಾಯಿತು, ಕೆಲಸ ಕಲಿಯುವಾಗ ಹೇಳಿಕೊಟ್ಟಿದ್ದು. ಎತ್ತರದ ಜಾಗದಲ್ಲಿ ಗಾಳಿ ತೆಳು. ಹಿಟ್ಟು ಅವಸರಕ್ಕೆ ಉಬ್ಬುತ್ತದೆ, ಮೈ ಗಟ್ಟಿಯಾಗುವ ಮೊದಲೇ ಕುಸಿಯುತ್ತದೆ. ಅಲ್ಲಿ ಪೌಡರ್ ಕಡಿಮೆ ಹಾಕಬೇಕು. ನಾನು ಹೆಚ್ಚಿಗೆ ಹಾಕಿದ್ದೆ! ಹೋದ ವರ್ಷದ ಕೇಕು ಕೆಳಗೆ ಬೆಂದದ್ದು, ಅದಕ್ಕೇ ಏನೂ ಆಗಿರಲಿಲ್ಲ. ಈಗ ಮೈದಾ ಮುಗಿದಿತ್ತು, ಮೊಟ್ಟೆ ಮುಗಿದಿತ್ತು. ಅವಸರದಲ್ಲಿ ಲೋಟ ಎಳೆಯಲು ಹೋಗಿ ಬೆರಳೂ ಸುಟ್ಟುಕೊಂಡೆ. ಕಣ್ಣಲ್ಲಿ ದಳದಳ ನೀರು ಬಂತು, ಬೆರಳಿಗಲ್ಲ.

ಬಾಗಿಲು ಬಡಿದ ಸದ್ದು. "ಒಳಗೆ ಬರ್ತೀನಿ. ಸರಿನಾ?"

"ಬೇಡ."

ಅವನು ಹೊರಗೇ ನಿಂತ. ನಿಂತೇ ಇದ್ದ. ಬೇಡವೆಂದರೆ ಬರುವವನಲ್ಲ, ಹೋಗುವವನೂ ಅಲ್ಲ.

"ಬನ್ನಿ," ಎಂದೆ ಕೊನೆಗೆ.

ಅವನ ಹಿಂದೆಯೇ ಎರಡು ಜಡೆ ಇಣುಕಿತು. ಇಬ್ಬರೂ ಲೋಟಗಳ ಸಾಲು ನೋಡಿದರು.

"ಎಲ್ಲಾ ಹಾಳಾಯ್ತು," ಎಂದೆ. "ಇಷ್ಟು ವರ್ಷ ಇದೇ ಕೆಲಸ ಮಾಡ್ಕೊಂಡು ಬಂದಿದೀನಿ, ಇವತ್ತು ಕೈ ಕೊಡ್ತು. ಈ ಗುಳಿ ಬಿದ್ದದ್ದನ್ನ ಮಕ್ಕಳ ಮುಂದೆ ಹೇಗೆ ಇಡಲಿ ನಾನು?"

ಹುಡುಗಿ ಸಾಲಿನಲ್ಲಿ ತನ್ನ ಲೋಟ ಹುಡುಕಿ, ಬಗ್ಗಿ ಒಳಗೆ ನೋಡಿದಳು. "ಕೇಕ್ ಇದೆಯಲ್ಲ, ಒಳಗೇ ಕೂತಿದೆ. ನಂಗೆ ಮೇಣದಬತ್ತಿ ಕೊಡಿ."

ಅವನು ನನ್ನ ಮುಖ ನೋಡಿದ. ನಾನು ಮೂಗೊರೆಸಿಕೊಂಡು ತಲೆಯಾಡಿಸಿದೆ. ಅವನು ಒಂದು ಪುಟ್ಟ ಮೇಣದಬತ್ತಿಯನ್ನು ಲೋಟದೊಳಗಿನ ಗುಳಿಯಲ್ಲಿ ನೆಟ್ಟು ಹಚ್ಚಿದ. ಹುಡುಗಿ ಲೋಟವನ್ನು ಬಟ್ಟೆಯಲ್ಲಿ ಹಿಡಿದು, ನಾವು ತಡೆಯುವ ಮೊದಲೇ ಅಂಗಳಕ್ಕೆ ನಡೆದಳು.

"ಏ, ಗಾಳಿ ಕಣೇ!" ಎಂದು ಟೀಚರಮ್ಮ ಕೂಗಿದರು.

ಗಾಳಿ ಅವಳ ಜಡೆಗಳನ್ನು ಹಾರಿಸಿತು, ಲಂಗ ಹಾರಿಸಿತು, ಡ್ರಾಯಿಂಗ್ ಮೇಷ್ಟ್ರ ಟೋಪಿಯನ್ನೂ ಹಾರಿಸಿತು. ಲೋಟದೊಳಗಿನ ಬತ್ತಿ ಅಲ್ಲಾಡಿ ಸುಮ್ಮನಾಯಿತು. ಆರಲಿಲ್ಲ. ಕೇಕು ಕುಸಿದು ಕೆಳಗೆ ಕೂತಿತ್ತಲ್ಲ, ಲೋಟದ ಗೋಡೆಯೇ ಸುತ್ತ ಅಡ್ಡ ನಿಂತಿತ್ತು.

ಅಂಗಳದಲ್ಲಿ ಎದ್ದಿತು ನೋಡಿ ಗಲಾಟೆ! "ನಂದೂ ಹಚ್ಚಿ! ನಂದೂ ಹಚ್ಚಿ!"

ಅವನು ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. "ಬೇಕೂಂತಲೇ ಮಾಡಿದ್ದು ಅಂತ ಹೇಳಿಬಿಡಿ," ಎಂದ.

"ಛೀ, ಸುಳ್ಳು ಹೇಳೋದು ನಿಮಗೆ ಯಾವಾಗ್ಲಿಂದ ಬಂತು?" ಎಂದು ಕಡ್ಡಿಪೆಟ್ಟಿಗೆ ಅವನ ಕೈಗೆ ಹಾಕಿದೆ.

ಪ್ರತಿ ವರ್ಷ ಅಷ್ಟೂ ಮಕ್ಕಳಿಗೆ ಒಂದು ಕೇಕು, ಒಂದು ಹಾಡು. ಈ ಸಲ ಶಾಮಿಯಾನವಿಲ್ಲ, ಸ್ಪೀಕರಿಲ್ಲ, ಆದರೆ ಒಂದೊಂದು ಮಗುವಿಗೂ ತನ್ನದೇ ಲೋಟ, ತನ್ನದೇ ಬತ್ತಿ. ಅವನು ಒಬ್ಬೊಬ್ಬರ ಮುಂದೆಯೂ ಮಂಡಿಯೂರಿ, "ಈಗ ಹಚ್ತೀನಿ. ಸರಿನಾ?" ಎಂದು ಕೇಳಿ ಹಚ್ಚಿದ. ಒಬ್ಬೊಬ್ಬರಿಗೂ ಬೇರೆ ಬೇರೆ ಹಾಡಿದೆವು. ಚಿಕ್ಕಮ್ಮನ ಗಂಟಲು ಕಟ್ಟಿಹೋದರೂ ನಿಲ್ಲಿಸಲಿಲ್ಲ. ಕೆಲವು ಮಕ್ಕಳು ಊದಲೊಲ್ಲದೆ ತಮ್ಮ ಬತ್ತಿಯನ್ನೇ ನೋಡುತ್ತ ಕೂತವು. ಯಾರೂ ಅವಸರ ಮಾಡಲಿಲ್ಲ. ಎರಡು ಜಡೆಯ ಹುಡುಗಿ ಕೊನೆಯವಳಾಗಿ, ಕೆನ್ನೆಯುಬ್ಬಿಸಿ, ಒಂದೇ ಸಲಕ್ಕೆ ಉಫ್ ಎಂದು ಊದಿದಳು. ಊದಿ ಅವನ ಕಡೆ ನೋಡಿದಳು.

"ಊದಿದೆ," ಎಂದಳು.

"ಹೂಂ ಪುಟ್ಟಾ, ನೋಡಿದೆ," ಎಂದ.

ಎಂಥ ಮನುಷ್ಯನಪ್ಪಾ ಇವನು ಎಂದುಕೊಂಡೆ. ಒಂದು ಮಗುವಿಗೆ ಕೊಟ್ಟ ಮಾತನ್ನು ವರ್ಷವಿಡೀ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದಾನೆ. ಇಂಥವನನ್ನು ಈ ಬೆಟ್ಟಕ್ಕೆ ಬಿಟ್ಟು ಹೋಗಬೇಕೆಂದರೆ ಹೊಟ್ಟೆ ಉರಿಯಿತು. ಈ ಬೆಟ್ಟಕ್ಕೆ ಇಂಥವನೇ ಬೇಕೆಂದೂ ಅನ್ನಿಸಿತು.

ಬಿಸಿಲು ಇಳಿಯತೊಡಗಿತು. ಅವನು ನಮ್ಮನ್ನು ಕಳಿಸಿಕೊಡಲು ತೂಗುಸೇತುವೆಯವರೆಗೆ ಬಂದ. ಡ್ರಾಯಿಂಗ್ ಮೇಷ್ಟ್ರು ಮೊದಲು ದಾಟಿದರು. ಚಿಕ್ಕಮ್ಮ ನನ್ನನ್ನೂ ಅವನನ್ನೂ ನೋಡಿ, "ಅಯ್ಯೋ, ನನ್ನ ಮಂಡಿ! ನಾನು ಮೆಲ್ಲಗೆ ಹೋಗ್ತಿರ್ತೀನಿ," ಎಂದು ಸರಸರನೆ ನಡೆದುಬಿಟ್ಟಳು.

"ಬೆರಳು ತೋರಿಸಿ," ಎಂದ ಅವನು. "ಅವಾಗ್ಲೇ ನೋಡಿದೆ, ಸುಟ್ಟಿದೆ."

ಜೇಬಿನಿಂದ ಮುಲಾಮು ತೆಗೆದ. "ಈಗ ಕೈ ಹಿಡೀತೀನಿ. ಸರಿನಾ?"

ನಾನು ತಲೆಯಾಡಿಸಿದೆ. ನನ್ನ ಕೈ ಅವನ ಅಂಗೈಯಲ್ಲಿ ಕೂತಿತು. ಹೋದ ವರ್ಷ ಬತ್ತಿಗೆ ಗೂಡು ಮಾಡಿ ಹಿಡಿದ ಆ ಅಂಗೈಗಳೇ. ಅವನು ಬೆರಳಿಗೆ ಮುಲಾಮು ಹಚ್ಚಿ ಪಟ್ಟಿ ಸುತ್ತಿದ. ಸುತ್ತಿದ್ದು ಮುಗಿಯಿತು. ಕೈ ಬಿಡಲಿಲ್ಲ. ಹೇಗೆ ಶುರು ಮಾಡಬೇಕೆಂದು ಬೆಳಿಗ್ಗೆಯಿಂದ ಒದ್ದಾಡಿದವಳಿಗೆ ತಟ್ಟನೆ ದಾರಿ ಕಂಡಿತು.

"ಈಗ ನಾನೊಂದು ಮಾತು ಹೇಳ್ತೀನಿ," ಎಂದೆ. "ಸರಿನಾ?"

ಅವನು ತಲೆಯೆತ್ತಿದ.

"ಸ್ವಲ್ಪ ಚುರುಕ್ ಅನ್ನುತ್ತೆ. ಅಲ್ಲಾಡಬಾರದು."

"ಅಲ್ಲಾಡಲ್ಲ."

"ನಂಗೆ ನೀವಂದ್ರೆ ತುಂಬಾ ಇಷ್ಟ. ಹೋದ ವರ್ಷ ಆ ಬತ್ತಿ ಹಚ್ತಾನೇ ಇದ್ರಲ್ಲ, ಆವತ್ತಿಂದ. ಬುಧವಾರ ಬೆಳಿಗ್ಗೆಯಿಂದ ಬಾಗಿಲು ನೋಡ್ತಾ ಕೂತಿರ್ತಿದ್ದೆ. ಎಲ್ಲರ ಹಾಗೆ ನಿಮ್ಮನ್ನ ಕರೆಯೋಕೆ ನನ್ನ ಕೈಲಿ ಆಗ್ಲಿಲ್ಲ, ಅದಕ್ಕೇ ಕೆಮ್ತಿದ್ದೆ. ಅಷ್ಟೇ. ಮುಗೀತು."

ಅವನು ಕಂಬದ ಹಾಗೆ ನಿಂತಿದ್ದ.

"ಏನಾದ್ರೂ ಮಾತಾಡ್ರೀ, ಇಲ್ಲಿ ಜೀವ ಹೋಗ್ತಿದೆ!"

"ಅಲ್ಲಾಡಬಾರದು ಅಂದ್ರಲ್ಲ." ಆಮೇಲೆ ಅವನ ಮುಖ ತುಂಬ ನಗು ಬಂತು. "ನಂಗೆ ಬ್ರೆಡ್ ಅಂದ್ರೆ ಆಗೋದೇ ಇಲ್ಲ. ಪ್ರತಿ ಬುಧವಾರ ವಾರ್ಡಿನ ಆಯಾಗಳಿಗೆ ಹಂಚ್ತಿದ್ದೆ. ನಿಮ್ಮನ್ನ ನೋಡಿದಾಗ್ಲೆಲ್ಲ ಇವತ್ತು ಕೇಳೋಣ, ಇವತ್ತು ಕೇಳೋಣ ಅಂತ. ಎಲ್ಲರಿಗೂ ಚುರುಕ್ ಅನ್ನುತ್ತೆ ಅಂತ ಹೇಳೋನು, ನನ್ನ ಸರದಿ ಬಂದಾಗ ಹೆದರಿಬಿಟ್ಟೆ."

ಸೇತುವೆಯ ಆಚೆ ಜೀಪಿನ ಹಾರ್ನು ಕೂಗಿತು. ಅವನ ನಗು ಅಳಿಸಿಹೋಯಿತು.

"ಆದ್ರೆ ಎರಡು ವರ್ಷ," ಎಂದ. "ನಾನು ಇವರನ್ನ ಬಿಟ್ಟು ಬರೋಕಾಗಲ್ಲ. ನೀವು ಬೇಕರಿ ಬಿಟ್ಟು ಬನ್ನಿ ಅನ್ನೋಕಾಗಲ್ಲ. ಕಾಯಿರಿ ಅಂತ ಯಾವ ಬಾಯಲ್ಲಿ ಕೇಳಲಿ?"

"ಕೇಳಬೇಡಿ. ಕಾಯೋದು ನನ್ನ ಜಾಯಮಾನಕ್ಕೆ ಬಂದಿದ್ದಲ್ಲ." ನಾನು ಕಣ್ಣೊರೆಸಿಕೊಂಡೆ. "ಪ್ರತಿ ತಿಂಗಳು ಬರ್ತೀನಿ. ನನ್ನ ಕೇಕ್ ಕುಸಿದ ಜಾಗ ಇದು, ಸುಮ್ನೆ ಬಿಡ್ತೀನಾ? ಈ ಬೆಟ್ಟಕ್ಕೆ ಸರಿಯಾದ ಅಳತೆ ಸಿಗೋ ತನಕ ಬರ್ತಾನೇ ಇರ್ತೀನಿ. ಒಂದು ಸಲಾನಾದ್ರೂ ಉಬ್ಬಬೇಕು ನೋಡಿ."

ಅವನು ನನ್ನ ಪಟ್ಟಿ ಸುತ್ತಿದ ಬೆರಳನ್ನು ಎತ್ತಿಕೊಂಡ. "ಈಗ..." ಎಂದ.

"ಸರಿ," ಎಂದೆ, ಅವನು ಕೇಳಿ ಮುಗಿಸುವ ಮೊದಲೇ.

ಬೆರಳ ತುದಿಗೊಂದು ಮುತ್ತಿಟ್ಟ. ಚುರುಕ್ ಎನ್ನಲೇ ಇಲ್ಲ.

ತೂಗುಸೇತುವೆಯ ನಡುವೆ ಬಂದು ತಿರುಗಿ ನೋಡಿದೆ. ಅವನು ಅಲ್ಲೇ ನಿಂತಿದ್ದ. ಎರಡು ಜಡೆಯ ಹುಡುಗಿ ಎಲ್ಲಿಂದಲೋ ಓಡಿ ಬಂದು ಅವನ ಕೈ ಹಿಡಿದುಕೊಂಡಿದ್ದಳು, ಇನ್ನೊಂದು ಕೈಯಲ್ಲಿ ಖಾಲಿ ಲೋಟ.

ಅವನು ಬಾಯಿಗೆ ಕೈ ಅಡ್ಡ ಹಿಡಿದು ಗಾಳಿಯೊಳಗೆ ಕೂಗಿದ. "ಇಲ್ನೋಡಿ! ಮುಂದಿನ ಸಲಾನೂ ಪೌಡರ್ ಜಾಸ್ತಿನೇ ಹಾಕಿ!"

"ಏನಂತೆ?" ಎಂದಳು ಆಚೆ ದಡದಿಂದ ಚಿಕ್ಕಮ್ಮ.

ಉತ್ತರ ಕೊಡಲು ನನಗೆ ಪುರುಸೊತ್ತಿರಲಿಲ್ಲ. "ಹಾಕ್ತೀನಿ, ರೀ!" ಎಂದು ಬೆಟ್ಟಕ್ಕೆಲ್ಲ ಕೇಳುವ ಹಾಗೆ ಕೂಗಿದೆ.